ಪೋಲೆಂಡಿನಿಂದ ಬಂದ ಪಾಪ

ಆ ಹುಡುಗಿ ನಮ್ಮ ಮನೆಗೆ ಬಂದಾಗ ಚಿಂತಾಮಣಿಯ ಮಾರ್ಕೆಟ್ಟಿಗೆ ಅವರೆಕಾಯಿ ಆಗಷ್ಟೇ ಬರತೊಡಗಿತ್ತು. ನಮ್ಮೂರಿನಲ್ಲಿ ಕಿವಿ ಕೇಳದ ಮಕ್ಕಳಿಗೆಂದು ಒಂದು ಪುಟ್ಟ ಶಾಲೆಯಿದೆ. ಅದನ್ನು ನಡೆಸುವಾಕೆ ನನ್ನ ಜೊತೆ ಬಿ.ಎಡ್. ಓದಿದ ಗೆಳತಿ. ಒಂದು ಭಾನುವಾರ ಅವಳು ಫೋನ್ ಮಾಡಿ, ಪೋಲೆಂಡಿನ ಒಬ್ಬ ವಿದ್ಯಾರ್ಥಿನಿ ಐದು ತಿಂಗಳ ಮಟ್ಟಿಗೆ ಶಾಲೆಯಲ್ಲಿ ಸ್ವಯಂಸೇವೆ ಮಾಡಲು ಬರುತ್ತಿದ್ದಾಳೆ, ಅವಳಿಗೆ ಇರಲು ಒಂದು ಮನೆ ಬೇಕು ಎಂದಳು. ನನ್ನ ಮಗಳು ಮೈಸೂರಿನ ಹಾಸ್ಟೆಲಿನಲ್ಲಿದ್ದುದರಿಂದ ಮಹಡಿಯ ಮೇಲಿನ ಅವಳ ಕೋಣೆ ಖಾಲಿಯಿತ್ತು. ನಾನು ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಅತ್ತೆಯ ನೆನಪಾಯಿತು.

ನನ್ನ ಗಂಡನ ತಾಯಿಗೆ ಆಗ ಎಪ್ಪತ್ತೆರಡು ವರ್ಷ. ಬೆಳಗ್ಗೆ ನನ್ನ ಗಂಡ ಬಸ್ಸು ಹಿಡಿದು ಬೆಂಗಳೂರಿನ ಕಚೇರಿಗೆ, ನಾನು ಪಾಠ ಮಾಡುವ ಸರ್ಕಾರಿ ಶಾಲೆಗೆ ಹೋದರೆ ಸಂಜೆಯ ತನಕ ಮನೆಯಲ್ಲಿ ಅವರೊಬ್ಬರೇ. ಹಾಗೆ ನೋಡಿದರೆ ನಾನು ಮನೆಯಲ್ಲಿದ್ದಾಗಲೂ ಅವರು ಒಬ್ಬರೇ ಇದ್ದ ಹಾಗೆ ಇರುತ್ತಿದ್ದರು. ನಮ್ಮಿಬ್ಬರ ನಡುವೆ ಐದಾರು ವರ್ಷಗಳಿಂದ ಮಾತು ಸವೆಯುತ್ತಾ ಬಂದಿತ್ತು. ಕೂಗಾಡಿ ಜಗಳವಾಡಿದ್ದು ಒಂದು ದಿನವೂ ಇಲ್ಲ. ನಾನು ಏನಾದರೂ ಕೇಳಿದರೆ ಅವರು ಟಿವಿಯಿಂದ ಕಣ್ಣು ತೆಗೆಯುತ್ತಿರಲಿಲ್ಲ. ಎರಡನೆಯ ಸಲ ಕೇಳಿದರೆ "ಹ್ಞೂ" ಅನ್ನುವರು. ಆ ಹ್ಞೂ ಎಲ್ಲ ಪ್ರಶ್ನೆಗಳಿಗೂ ಒಂದೇ ಆಗಿತ್ತು. ಭಜನೆಗೆ ಹೋಗುವುದನ್ನು ಬಿಟ್ಟರು, ಪಕ್ಕದ ಮನೆಯವರ ಜೊತೆ ಜಗಲಿಯಲ್ಲಿ ಕೂರುವುದನ್ನೂ ಬಿಟ್ಟರು. ನನ್ನ ಮೇಲೆ ಏನೋ ಅಸಮಾಧಾನವಿದೆ, ಅದನ್ನು ಹೀಗೆ ತೋರಿಸುತ್ತಿದ್ದಾರೆ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ಅದಕ್ಕೊಂದು ಕಾರಣವೂ ನನ್ನ ಬಳಿ ಇತ್ತು. ಗೌರಿಬಿದನೂರಿನಲ್ಲಿ ನಮ್ಮ ನೆಂಟರ ಮನೆಯ ಮದುವೆ. ಊಟವಾದ ಮೇಲೆ ನಾನು ಅತ್ತೆಯ ಹತ್ತಿರ ಹೋಗಿ, ಕಾರು ಹಿಂದಿನ ಗೇಟಿನಲ್ಲಿದೆ, ಅಲ್ಲಿಗೇ ಬನ್ನಿ ಎಂದೆ. ಅವರು ಹ್ಞೂ ಅಂದರು. ನಾವು ಬಿಸಿಲಿನಲ್ಲಿ ಅರ್ಧ ಗಂಟೆ ಕಾದು, ಕೊನೆಗೆ ಒಳಗೆ ಹೋಗಿ ನೋಡಿದರೆ ಅವರು ಮುಂಬಾಗಿಲ ಬಳಿ ಕುರ್ಚಿಯಲ್ಲಿ ಕೂತು, "ನನ್ನ ಬಿಟ್ಟೇ ಹೋದ್ರು ನೋಡಿ" ಎಂದು ನಾಲ್ಕು ಜನರ ಎದುರು ಹೇಳುತ್ತಿದ್ದರು. ಆ ನಾಲ್ಕೂ ಜನ ನನ್ನ ಮುಖ ನೋಡಿದರು. ಆವತ್ತಿನ ಗಂಟನ್ನು ನಾನು ಎದೆಯಲ್ಲಿ ಹಾಗೇ ಇಟ್ಟುಕೊಂಡಿದ್ದೆ.

ಪೋಲೆಂಡಿನ ಹುಡುಗಿ ಬರುವ ಸುದ್ದಿಯನ್ನು ಅತ್ತೆಗೆ ಹೇಳಿದ್ದು ನನ್ನ ಗಂಡ, ಅವರ ಎದುರೇ ಕೂತು. ಅತ್ತೆ ಆಂಧ್ರದ ಗಡಿಯಾಚೆಗೆ ಅಂಟಿಕೊಂಡ ಒಂದು ಹಳ್ಳಿಯಲ್ಲಿ ತೆಲುಗಿನಲ್ಲಿ ಬೆಳೆದವರು. ಚಿಂತೆಯಾದಾಗ ಅವರಿಗೆ ತೆಲುಗೇ ಮೊದಲು ಬರುತ್ತಿತ್ತು. "ಏಂ ತಿಂಟುಂದೋ ಏಮೋ" ಎಂದರು. ಏನು ತಿನ್ನುವಳೋ ಎನ್ನುವುದೊಂದೇ ಅವರ ತಕರಾರು.

ಅವಳಿಗೆ ಇಪ್ಪತ್ತೆರಡು ವರ್ಷ. ಎತ್ತರದ, ತೆಳ್ಳಗಿನ, ಮೂಗಿನ ಮೇಲೆ ಸಣ್ಣ ಸಣ್ಣ ಮಚ್ಚೆಗಳಿದ್ದ ಹುಡುಗಿ. ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವ ವಿದ್ಯೆಯನ್ನೇ ಅವಳು ಅಲ್ಲಿ ಓದುತ್ತಿದ್ದಳು. ಮೊದಲ ದಿನ ಅವಳಿಗೆ ರಾಗಿ ಮುದ್ದೆ ಬೇಡವೆಂದು ನಾನು ಅನ್ನ ಮಾಡಿದ್ದೆ. ಅವಳು ಅತ್ತೆಯ ತಟ್ಟೆಯಲ್ಲಿದ್ದ ಮುದ್ದೆಯನ್ನೇ ನೋಡುತ್ತಿದ್ದಳು. ಆಮೇಲೆ, ನಮ್ಮ ಅಜ್ಜಿ ಆಲೂಗಡ್ಡೆಯಲ್ಲಿ ಇಂಥದ್ದೇ ಉಂಡೆ ಮಾಡುತ್ತಾಳೆ, ನನಗೂ ಅದೇ ಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಮುದ್ದೆಯ ಚೂರನ್ನು ಬಾಯಿಗಿಟ್ಟುಕೊಂಡು ಅಗಿಯತೊಡಗಿದಾಗ ಅತ್ತೆ ತಮ್ಮ ಊಟ ನಿಲ್ಲಿಸಿದರು.

"ನಮಲೊದ್ದು ಪಾಪ. ಅಗೀಬಾರ್ದು. ನುಂಗು" ಎಂದು ತಮ್ಮ ಗಂಟಲಿನ ಮೇಲೆ ಬೆರಳು ಇಳಿಸಿ ತೋರಿಸಿದರು.

ಹುಡುಗಿ ನುಂಗಿದಳು. ಕಣ್ಣಲ್ಲಿ ನೀರು ಬಂತು, ಆದರೂ ಇನ್ನೊಂದು ಚೂರು ಮುರಿದಳು. ಅವತ್ತಿನಿಂದ ಅವಳು ಅತ್ತೆಯ ಬಾಯಲ್ಲಿ ಪಾಪ ಆದಳು. ನಮ್ಮ ಕಡೆ ಮನೆಯ ಹೆಣ್ಣುಮಕ್ಕಳನ್ನು ಹಾಗೆ ಕರೆಯುವುದು ವಾಡಿಕೆ. ವಾರದೊಳಗೆ ಬೀದಿಗೆಲ್ಲ ಅದೇ ಅವಳ ಹೆಸರಾಯಿತು.

ಎಲ್ಲವೂ ಮುದ್ದೆಯಷ್ಟು ಸಲೀಸಾಗಿ ಇಳಿಯಲಿಲ್ಲ. ನಮ್ಮ ಬೀದಿಗೆ ನಲ್ಲಿ ನೀರು ದಿನ ಬಿಟ್ಟು ದಿನ, ಅದೂ ನಸುಕಿನಲ್ಲಿ ಬರುತ್ತದೆ. ಮೊದಲ ವಾರ ಅವಳು ಇದ್ದಬದ್ದ ನೀರಿನಲ್ಲಿ ಕೂದಲು ತೊಳೆದು, ಸಂಜೆ ನನ್ನ ಪಾತ್ರೆಗೆ ನೀರಿಲ್ಲದಂತೆ ಮಾಡಿದಳು. ಗೊತ್ತಾದ ಮೇಲೆ ನಾಚಿಕೆಯಿಂದ ಎರಡು ದಿನ ತಲೆಗೆ ನೀರೇ ಹಾಕಿಕೊಳ್ಳಲಿಲ್ಲ. ರಸ್ತೆ ದಾಟಲು ಹೆದರಿ ಟೊಮೇಟೊ ಲಾರಿಗಳು ಹೋಗಿ ಮುಗಿಯಲೆಂದು ಒಮ್ಮೆ ಇಪ್ಪತ್ತು ನಿಮಿಷ ನಿಂತಿದ್ದಳಂತೆ. ಇಲ್ಲಿ ಲಾರಿಗಳು ಮುಗಿಯುವುದಿಲ್ಲ ಎಂದು ಹೂ ಮಾರುವಾಕೆ ಕೈ ಹಿಡಿದು ದಾಟಿಸಿದಳಂತೆ.

ಭಾಷೆಯದು ಇನ್ನೊಂದು ಪಾಡು. ಅವಳು ಬರುವ ಮುಂಚೆ ಒಂದಿಷ್ಟು ಕನ್ನಡ ಪದಗಳನ್ನು ಪುಸ್ತಕದಲ್ಲಿ ಬರೆದುಕೊಂಡು ಬಂದಿದ್ದಳು. ಆದರೆ ಅತ್ತೆ ತೆಲುಗು ಬೆರೆಸುತ್ತಿದ್ದರು. ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಆಪಾ ಉರ್ದು ಬೆರೆಸುತ್ತಿದ್ದರು. ಮೂರೂ ಒಂದೇ ಭಾಷೆ ಎಂದುಕೊಂಡು ಹುಡುಗಿ ಎಲ್ಲವನ್ನೂ ಕನ್ನಡದ ಪಟ್ಟಿಗೇ ಸೇರಿಸಿಕೊಂಡಳು. ಊಟಕ್ಕೆ ಬಡಿಸುವಾಗ "ಸಾಕು, ಚಾಲು, ಬಸ್" ಎಂದು ಮೂರು ಭಾಷೆಯಲ್ಲೂ ಕೈ ಅಡ್ಡ ಹಿಡಿಯುತ್ತಿದ್ದಳು. ನಾನು ತಿದ್ದಲು ಹೋದೆ. ಆಪಾ, "ಬಿಡಿ ಟೀಚರಮ್ಮ, ಎಲ್ಲಾರ್ಗೂ ಅರ್ಥ ಆಗ್ತದಲ್ಲ" ಎಂದರು. ಅದು ನಿಜವೇ ಆಗಿತ್ತು.

ಮೂರನೆಯ ವಾರದಲ್ಲಿ ಒಂದು ಸಂಜೆ ನಾನು ಶಾಲೆಯಿಂದ ಬಂದಾಗ ಅವಳು ಮಹಡಿಯ ಮೆಟ್ಟಿಲ ಮೇಲೆ ಚಪ್ಪಲಿಯನ್ನೂ ಬಿಚ್ಚದೆ ಕೂತಿದ್ದಳು. ಅತ್ತಿದ್ದಳು ಎನ್ನುವುದು ಗೊತ್ತಾಗುತ್ತಿತ್ತು. ಕೇಳಿದ್ದಕ್ಕೆ, ನಾನು ಇಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ, ಅಪ್ಪನಿಗೆ ಹೇಳಿ ಟಿಕೆಟ್ ಬದಲಾಯಿಸುತ್ತೇನೆ ಎಂದಳು. ಅವಳ ದೇಶದ ಸನ್ನೆ ಭಾಷೆ ಬೇರೆ, ನಮ್ಮ ಮಕ್ಕಳ ಸನ್ನೆ ಭಾಷೆ ಬೇರೆ. ಅದು ಅವಳಿಗೆ ಮೊದಲೇ ಗೊತ್ತಿತ್ತು, ಆದರೆ ಬೇಗ ಕಲಿತೇನೆಂದು ನಂಬಿದ್ದಳು. ಅವಳು ಕೈಯಲ್ಲಿ ಏನೋ ಹೇಳಲು ಹೋಗಿ ಬೇರೇನೋ ಹೇಳಿದ್ದಕ್ಕೆ ಅವತ್ತು ತರಗತಿಯ ಮಕ್ಕಳೆಲ್ಲ ನಕ್ಕಿದ್ದರು. ಸಹಾಯ ಮಾಡಲು ಬಂದವಳು ಆ ಶಾಲೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತು ಬಲ್ಲವಳಾಗಿದ್ದಳು.

ಕಾಫಿ ಮಾಡಲು ಒಳಗೆ ಹೋದೆ. ಅತ್ತೆ ನಡುಮನೆಯಲ್ಲಿ ನೆನೆಸಿದ ಅವರೆಕಾಳಿನ ಪಾತ್ರೆ ಇಟ್ಟುಕೊಂಡು ಬೇಳೆ ಹಿತುಕುತ್ತಿದ್ದರು. ಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಪುಳಕ್ಕನೆ ಹಾರಿ ಬರುತ್ತದೆ. ಅವರು ಹುಡುಗಿಯನ್ನು ನೋಡಿದರು. "ರಾ ಪಾಪ, ಇಲ್ಲಿ ಕೂತ್ಕೊ" ಎಂದು ಎದುರಿನ ನೆಲ ತಟ್ಟಿದರು.

ಹುಡುಗಿ ಕೂತಳು. ಅವಳು ಒತ್ತಿದ ಮೊದಲ ಬೇಳೆ ಹಾರಿ ಟಿವಿಗೆ ಬಡಿಯಿತು. ಎರಡನೆಯದು ಅತ್ತೆಯ ಸೆರಗಿಗೆ ಬಿತ್ತು. ಅತ್ತೆ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಎಷ್ಟೋ ಕಾಲದಿಂದ ಕೇಳಿರಲಿಲ್ಲ. ಕಾಫಿ ಲೋಟ ಹಿಡಿದು ಬರುವಷ್ಟರಲ್ಲಿ ಇಬ್ಬರೂ ಮಾತಿಗಿಳಿದಿದ್ದರು. ಅತ್ತೆ ಒಂದೇ ಸಮನೆ ಹೇಳುತ್ತಿದ್ದರು, ಹುಡುಗಿ ತನಗೆ ಗೊತ್ತಿದ್ದ ಮೂವತ್ತು ಪದಗಳಲ್ಲಿ ಒಂದೊಂದನ್ನೇ ಆರಿಸಿ, ಮುಖ ಎತ್ತಿ, ನಿಧಾನವಾಗಿ ಉತ್ತರ ಕೊಡುತ್ತಿದ್ದಳು. ಟಿಕೆಟ್ಟಿನ ಮಾತು ಆಮೇಲೆ ಬರಲಿಲ್ಲ. ಮರುದಿನ ಶಾಲೆಗೆ ಹೋದವಳು ಕಲಿಸುವುದನ್ನು ಬಿಟ್ಟು ಮಕ್ಕಳ ಜೊತೆ ಕೊನೆಯ ಬೆಂಚಿನಲ್ಲಿ ಕೂತಳಂತೆ. ಮಕ್ಕಳು ಅವಳಿಗೆ ಮೇಷ್ಟರಾದರು.

ಅಲ್ಲಿಂದ ದಿನಾ ಸಂಜೆ ಇಬ್ಬರದೂ ನಡುಮನೆಯಲ್ಲಿ ಬೈಠಕ್ಕು. ನನಗೆ ಸಂತೋಷವೂ ಆಗುತ್ತಿತ್ತು, ಒಳಗೊಳಗೇ ಉರಿಯೂ ಆಗುತ್ತಿತ್ತು. ಇಪ್ಪತ್ತು ವರ್ಷದಿಂದ ಇದೇ ಮನೆಯಲ್ಲಿರುವ ನನ್ನ ಮಾತಿಗೆ ಒಂದು ಹ್ಞೂ. ನೆಟ್ಟಗೆ ನಾಲ್ಕು ವಾಕ್ಯ ಬಾರದವಳ ಜೊತೆ ಗಂಟೆಗಟ್ಟಲೆ ಹರಟೆ.

ಒಂದು ಸಂಜೆ ಹುಡುಗಿ ಅಡುಗೆಮನೆಗೆ ಬಂದು, ನಾನು ಪಾತ್ರೆ ತೊಳೆಯುತ್ತಿದ್ದ ನಲ್ಲಿಯನ್ನು ನಿಲ್ಲಿಸಿದಳು. "ಅಜ್ಜಿ ಕಿವಿ ಕೇಳಲ್ಲ" ಎಂದಳು. "ನಿಮಗೆ ಗೊತ್ತು?"

"ಕೇಳುತ್ತೆ ಕಣೇ. ಬೇಕಾದಾಗ ಕೇಳುತ್ತೆ" ಎಂದೆ. ಆ ಮಾತಿನ ಮೊನಚು ಅವಳಿಗೆ ತಿಳಿಯಿತೋ ಇಲ್ಲವೋ. ನನ್ನ ಕೈ ಹಿಡಿದು ನಡುಮನೆಗೆ ಕರೆತಂದಳು. ಅತ್ತೆ ನಮಗೆ ಬೆನ್ನು ಮಾಡಿ ಕೂತು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದರು. ಟಿವಿ ಆರಿತ್ತು. ಕೇಳಿ ಎಂದು ಹುಡುಗಿ ಸನ್ನೆ ಮಾಡಿದಳು. ನಾನು ಎರಡು ಮಾರು ದೂರದಿಂದ ಎಂದಿನ ದನಿಯಲ್ಲೇ ಕೇಳಿದೆ.

"ಅತ್ತೆ, ಕಾಫಿ ಕೊಡ್ಲಾ?"

ಅವರು ತಿರುಗಲಿಲ್ಲ. ಇನ್ನೊಮ್ಮೆ ಕೇಳಿದೆ. ಸೊಪ್ಪಿನ ಕಡ್ಡಿಗಳನ್ನು ಒಂದು ಕಡೆ, ಎಲೆಗಳನ್ನು ಒಂದು ಕಡೆ ಹಾಕುತ್ತಲೇ ಇದ್ದರು. ಆಗ ಹುಡುಗಿ ಸುತ್ತಿ ಬಂದು ಅವರ ಎದುರು ಕುಕ್ಕರುಗಾಲಿನಲ್ಲಿ ಕೂತಳು. ಬಾಯಿಂದ ಒಂದಿಷ್ಟೂ ದನಿ ಹೊರಡಿಸದೆ, ತುಟಿಯಲ್ಲಷ್ಟೇ ಹೇಳಿದಳು, ಅಜ್ಜಿ, ಕಾಫಿ ಬೇಕಾ?

"ಬೇಡ ಪಾಪ. ಈಗ್ತಾನೆ ಕುಡಿದೆ" ಎಂದರು ಅತ್ತೆ.

ನಾನು ಅಡುಗೆಮನೆಗೆ ವಾಪಸು ಬಂದು ನಲ್ಲಿ ತಿರುಗಿಸಿದೆ. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ದಿನವಿಡೀ ನಲವತ್ತು ಮಕ್ಕಳ ಮುಖ ನೋಡಿ ಯಾರಿಗೆ ಹಸಿವು, ಯಾರಿಗೆ ಜ್ವರ ಎಂದು ಹೇಳಬಲ್ಲೆನೆಂಬ ಹೆಮ್ಮೆ ನನಗಿತ್ತು. ಒಂದೇ ಸೂರಿನ ಕೆಳಗೆ ನಾನು ಇಷ್ಟು ವರ್ಷ ಬಾಗಿಲ ಮರೆಯಿಂದ, ಒಲೆಯ ಮುಂದಿನಿಂದ, ಸೀರೆಗೆ ಪಿನ್ನು ಹಾಕಿಕೊಳ್ಳುತ್ತಾ, ಆ ಹೆಂಗಸಿನ ಬೆನ್ನಿಗೆ ಮಾತಾಡುತ್ತಿದ್ದೆ.

ವಿಷಯ ತಿಳಿದು ನನ್ನ ಗಂಡ ನಂಬಲಿಲ್ಲ. ಅವರು ಬೆಳಗ್ಗೆ ಹೊರಡುವಾಗಲೂ ಸಂಜೆ ಬಂದಾಗಲೂ ತಾಯಿಯ ಎದುರು ನಿಂತೇ ಮಾತಾಡುತ್ತಿದ್ದರು, ಹಾಗಾಗಿ ಅವರಿಗೆ ಅನುಮಾನವೇ ಬಂದಿರಲಿಲ್ಲ. ಭಾನುವಾರ ಅವರೇ ಅತ್ತೆಯ ಬಳಿ ವಿಷಯ ಎತ್ತಿದರು. "ಅಮ್ಮ, ಒಂದ್ಸಲ ಕಿವಿ ತೋರಿಸ್ಕೊಂಡು ಬರಣ."

ಅತ್ತೆ ಕೆಂಡವಾದರು. "ನನಗೇನಾಗೈತೆ? ನೀವೇ ಬಾಯೊಳಗೆ ಗೊಣಗ್ತೀರ. ಯಾರ್ ಹೇಳಿದ್ದು?" ಎಂದವರು ನಮ್ಮ ಕಣ್ಣು ಮಹಡಿಯ ಕಡೆ ಹೋದದ್ದನ್ನು ನೋಡಿದರು. ಅಷ್ಟು ಸಾಕಾಯಿತು.

ಐದು ದಿನ ಅವರು ಹುಡುಗಿಯ ಜೊತೆ ಮಾತಾಡಲಿಲ್ಲ. ಅವಳು ಎದುರು ಕೂತರೆ ಮುಖ ತಿರುಗಿಸುವರು. ಮುಖ ತಿರುಗಿಸಿದರೆ ಅವಳ ಮಾತು ತಲುಪುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಹುಡುಗಿ ಬಾಡಿಹೋದಳು. ಗುಟ್ಟು ಬಿಟ್ಟುಕೊಟ್ಟೆ, ಮೊದಲು ಅಜ್ಜಿಯನ್ನೇ ಕೇಳಬೇಕಿತ್ತು, ನಾನು ಓದಿದ ಪುಸ್ತಕದಲ್ಲೂ ಹಾಗೇ ಇದೆ ಎಂದು ನನ್ನ ಬಳಿ ಬಂದು ಹೇಳಿಕೊಂಡಳು. ತಪ್ಪು ಅವಳದಲ್ಲ ಎಂದು ನಾನು ಎಷ್ಟು ಹೇಳಿದರೂ ಒಪ್ಪಲಿಲ್ಲ.

ಆರನೆಯ ದಿನ ಅವಳು ಅತ್ತೆಯ ಮುಂದೆ ಕೈಮುಗಿದು ನಿಂತಳು. ಶಾಲೆಯಲ್ಲಿ ಮಕ್ಕಳು ಸೇರಿ ಅಡುಗೆ ಮಾಡುವ ದಿನವಂತೆ, ಹಿತಕಬೇಳೆ ಸಾರು ಮಾಡಬೇಕಂತೆ, ಬೇಳೆ ಹಿತುಕುವುದನ್ನು ತೋರಿಸಿಕೊಡಲು ಯಾರೂ ಇಲ್ಲವಂತೆ. ಇಷ್ಟನ್ನೂ ತಪ್ಪು ತಪ್ಪು ಕನ್ನಡದಲ್ಲಿ, ಬೆರಳಲ್ಲಿ ಹಿತುಕಿ ತೋರಿಸುತ್ತಾ ಹೇಳಿದಳು. ಚಿಂತಾಮಣಿಯಂಥ ಊರಿನಲ್ಲಿ ಬೇಳೆ ಹಿತುಕಲು ಬರದವರು ಯಾರಿದ್ದಾರೆ? ಅತ್ತೆಗೂ ಅದು ತಿಳಿಯದ್ದೇನಲ್ಲ. ಆದರೂ ಒಗೆದ ಸೀರೆ ಉಟ್ಟುಕೊಂಡು ಹೊರಟರು. ಅವತ್ತು ಶನಿವಾರ, ನನ್ನ ಶಾಲೆ ಬೆಳಗ್ಗೆಯೇ ಮುಗಿದಿತ್ತು. ನಾನೂ ಜೊತೆಗೆ ಹೋದೆ.

ಶಾಲೆಯ ಅಂಗಳದಲ್ಲಿ ಮಕ್ಕಳು ಅತ್ತೆಯ ಸುತ್ತ ಕೂತರು. ಒಬ್ಬೊಬ್ಬರ ಕಿವಿಯ ಹಿಂದೆಯೂ ಒಂದೊಂದು ಪುಟ್ಟ ಯಂತ್ರ. ಕೆಲವು ಕೆಂಪು, ಕೆಲವು ನೀಲಿ. ಬೇಳೆ ಹಾರಿದಾಗಲೆಲ್ಲ ಮಕ್ಕಳು ಕೈಯೆತ್ತಿ ಬೆರಳಾಡಿಸಿ ಖುಷಿಪಡುತ್ತಿದ್ದರು. ಅವರ ಚಪ್ಪಾಳೆ ಹಾಗೇ ಎಂದು ಹುಡುಗಿ ಹೇಳಿದಳು. ಏಳೆಂಟು ವರ್ಷದ, ಎರಡು ಜಡೆಯ ಒಬ್ಬ ಪುಟ್ಟಿ ಅತ್ತೆಯ ಪಕ್ಕದಲ್ಲೇ ಕೂತಿದ್ದವಳು ಇದ್ದಕ್ಕಿದ್ದಂತೆ ಅವರ ಕೂದಲನ್ನು ಸರಿಸಿ ಕಿವಿಯ ಹಿಂದೆ ನೋಡಿದಳು. ಈಚೆ ಕಿವಿ, ಆಚೆ ಕಿವಿ. ಆಮೇಲೆ ತನ್ನ ಯಂತ್ರವನ್ನು ಮುಟ್ಟಿ ತೋರಿಸಿ, ನಿನ್ನದೆಲ್ಲಿ ಎಂದು ಅಂಗೈ ಬಿಚ್ಚಿದಳು.

ಅತ್ತೆ ಆ ಮಗುವನ್ನು ನೋಡಿದರು. "ಮನೇಲೈತೆ ತಾಯಿ. ಮರೆತು ಬಂದೆ" ಎಂದರು. ಮಗುವಿಗೆ ಅದು ಸರಿಯೆನಿಸಲಿಲ್ಲ. ಮರೆತು ಬರಬಾರದು ಎಂದು ಬೆರಳು ಆಡಿಸಿ ಗದರಿತು. ಮನೆಗೆ ಬರುವಾಗ ಆಟೋದಲ್ಲಿ ಅತ್ತೆ ನನ್ನ ಮೊಣಕೈ ತಟ್ಟಿ ಕೇಳಿದರು, "ಆ ಮಿಷನ್ನು ಎಲ್ಲಿ ಕೊಡ್ತಾರೆ?"

ಚಿಕ್ಕಬಳ್ಳಾಪುರದಲ್ಲಿ ಕಿವಿ ಪರೀಕ್ಷೆ ಮಾಡಿಸಿದೆವು. ಗಾಜಿನ ಕೋಣೆಯೊಳಗೆ ಅತ್ತೆ ಕೂತರು, ಹುಡುಗಿಯೂ ಜೊತೆಗೆ ಹೋದಳು. ಹೊರಗಿನಿಂದ ನಾನು ನೋಡುತ್ತಿದ್ದೆ. ಶಬ್ದ ಕೇಳಿದಾಗ ಕೈಯೆತ್ತಬೇಕು. ಅತ್ತೆಯ ಕೈ ಬಹಳ ಹೊತ್ತು ತೊಡೆಯ ಮೇಲೇ ಇತ್ತು. ಎರಡು ವಾರದ ನಂತರ ಯಂತ್ರ ಹಾಕಿಸಿಕೊಂಡು ಆಸ್ಪತ್ರೆಯಿಂದ ಹೊರಬಂದ ಕೂಡಲೇ ಅವರು ತಮ್ಮ ಕೈ ಬಳೆಗಳನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಬಸ್ ಸ್ಟ್ಯಾಂಡ್ ಬರುವಷ್ಟರಲ್ಲಿ ಮುಖ ಕಿವುಚಿಕೊಂಡಿದ್ದರು. "ಇಷ್ಟು ಗದ್ದಲದಾಗೆ ನೀವೆಲ್ಲ ಹೆಂಗ್ ಬದುಕ್ತೀರ?" ಎಂದರು. ಮನೆಯಲ್ಲಿ ಕುಕ್ಕರ್ ಕೂಗಿದಾಗ ಬೆಚ್ಚಿಬಿದ್ದರು. ಎಷ್ಟೋ ಸಲ ಯಂತ್ರವನ್ನು ತೆಗೆದು ದೇವರ ಗೂಡಿನಲ್ಲಿಟ್ಟು ಬಿಡುತ್ತಿದ್ದರು. ಹುಡುಗಿ ಬೈಯುತ್ತಿರಲಿಲ್ಲ. ಇವತ್ತು ಒಂದು ಗಂಟೆ, ನಾಳೆ ಒಂದೂವರೆ ಗಂಟೆ ಎಂದು ಅವರನ್ನು ಒಪ್ಪಿಸುತ್ತಿದ್ದಳು.

ಒಂದು ದಿನ ನಾನು ಅವರ ಎದುರು ಕೂತು ಹುರುಳಿಕಾಯಿ ಸೋಸುತ್ತಿದ್ದೆ. ಹುಡುಗಿ ಇನ್ನೂ ಬಂದಿರಲಿಲ್ಲ. ಅತ್ತೆ ತಾವಾಗಿಯೇ ಕೇಳಿದರು.

"ಗೌರಿಬಿದನೂರು ಮದ್ವೇಲಿ ನೀನು ನನ್ನ ಕರೆದಿದ್ಯಾ?"

"ಕರೆದಿದ್ದೆ ಅತ್ತೆ. ಹಿಂದಿನ ಗೇಟಿಗೆ ಬನ್ನಿ ಅಂದಿದ್ದೆ."

"ನನಗೆ ಕೇಳಿಸಿದ್ದು ಬರೀ ಗೇಟು."

ನಾನು, ಕೇಳಿಸಲಿಲ್ಲ ಅಂತ ಒಂದು ಮಾತು ಹೇಳಬಾರದಿತ್ತೇ ಎಂದೆ. ಅವರು ಒಂದು ಕಾಯಿಯ ನಾರು ಎಳೆದರು. "ಕೇಳಿಸ್ಲಿಲ್ಲ ಅಂದ್ರೆ ಇನ್ನೊಂದ್ಸಲ ಹೇಳ್ತೀರ. ಆಗ್ಲೂ ಕೇಳಿಸ್ದಿದ್ರೆ ಮೂರನೇ ಸಲ ಹೇಳ್ತೀರ. ಆ ಮೂರನೇ ಸಲಕ್ಕೆ ನಿಮ್ ಮುಖ ಹೆಂಗಿರ್ತದೆ ಅಂತ ನಿಮಗೆ ಗೊತ್ತಿಲ್ಲ ಕಣಮ್ಮ. ಅದಕ್ಕಿಂತ ಹ್ಞೂ ಅನ್ನೋದು ವಾಸಿ."

ನನ್ನ ಆ ಮುಖವನ್ನು ನಾನು ನೋಡಿರಲಿಲ್ಲ. ಆದರೆ ಅದು ಹೇಗಿದ್ದಿರಬಹುದು ಎನ್ನುವುದು ಚೆನ್ನಾಗಿ ಗೊತ್ತಾಯಿತು. ತಪ್ಪಾಯಿತು ಎಂದೆ. "ನಂದೂ ಆಯ್ತು ಬಿಡು. ನಾಲ್ಕು ಜನರ ಮುಂದೆ ನಿನ್ನ ಆಡ್ಕೊಂಡೆ" ಎಂದರು. ಇಬ್ಬರೂ ಕಾಯಿ ಸೋಸಿ ಮುಗಿಸಿದೆವು.

ಹುಡುಗಿ ಬೇಸಿಗೆ ಕಾವೇರುವ ಹೊತ್ತಿಗೆ ಹೊರಟಳು. ಅಷ್ಟರಲ್ಲಿ ಅವಳು ನಸುಕಿಗೆದ್ದು ನಲ್ಲಿ ನೀರಿಗೆ ಮೋಟರ್ ಹಾಕುವ ಕೆಲಸವನ್ನು ನನ್ನಿಂದ ಪೂರ್ತಿ ಕಿತ್ತುಕೊಂಡಿದ್ದಳು, ಶಾಲೆಯ ಮಕ್ಕಳ ಸನ್ನೆಯಲ್ಲಿ ಜಗಳವಾಡುವಷ್ಟು ಪಳಗಿದ್ದಳು. ಎರಡು ಜಡೆಯ ಪುಟ್ಟಿಗೆ ಆ ಮಗುವಿನದೇ ಹೆಸರನ್ನು ಬಾಯಲ್ಲಿ ಹೇಳುವುದನ್ನು ಕಲಿಸಿದ್ದಳು. ಅದೊಂದನ್ನು ಮಾಡಿದೆ ಎಂದು ನನ್ನ ಬಳಿ ಹೇಳಿಕೊಂಡಳು, ದೊಡ್ಡದೇನಲ್ಲ ಎನ್ನುವ ಹಾಗೆ. ಬೆಳಗಿನ ವಿಮಾನ. ಅತ್ತೆಯೂ ಬರುತ್ತೇನೆಂದು ಹಟ ಹಿಡಿದರು. ವಿಮಾನ ನಿಲ್ದಾಣದ ಬಾಗಿಲಲ್ಲಿ ಅವರು ಹುಡುಗಿಯ ಕೆನ್ನೆ ಸವರಿ, "ಊರಿಗೆ ಹೋಗಿ ಚೆನ್ನಾಗಿ ತಿನ್ನು" ಎಂದರು. ಹುಡುಗಿ ಬಾಗಿ ಕಾಲು ಮುಟ್ಟಿದಳು, ಆಮೇಲೆ ನಮ್ಮಿಬ್ಬರನ್ನೂ ಒಟ್ಟಿಗೆ ತಬ್ಬಿಕೊಂಡಳು. ಒಳಗೆ ಹೋಗುವಾಗ ಎರಡು ಸಲ ತಿರುಗಿ ನೋಡಿದಳು.

ವಾಪಸು ಬರುವಾಗ ಕಾರಿನಲ್ಲಿ ಅತ್ತೆ ನನ್ನ ಪಕ್ಕ ಕೂತರು. ದೇವನಹಳ್ಳಿ ಪಕ್ಕದ ವಿಜಯಪುರ ದಾಟುವ ತನಕ ಕಿಟಕಿಯ ಹೊರಗೆ ದ್ರಾಕ್ಷಿ ತೋಟಗಳನ್ನು ನೋಡುತ್ತಿದ್ದರು. ಶಿಡ್ಲಘಟ್ಟ ಹತ್ತಿರವಾಗಿ, ರೇಷ್ಮೆಗೂಡಿನ ಚೀಲ ಹೊತ್ತ ಆಟೋಗಳು ಕಾಣತೊಡಗಿದಾಗ ಡ್ರೈವರಿಗೆ ನಿಧಾನ ಹೋಗಲು ಹೇಳಿದರು. ಒಂದು ಓಣಿಯ ಕಡೆ ಕೈ ತೋರಿಸಿದರು.

"ನಾನು ಮದ್ವೆಯಾಗಿ ಬಂದಿದ್ದು ಈ ಬೀದಿಗೆ. ಆಗ ನನಗೆ ಕನ್ನಡ ಒಂದಕ್ಷರ ಬರ್ತಿರ್ಲಿಲ್ಲ. ನಿಮ್ಮಾವನ ಮನೇಲಿ ಯಾರಿಗೂ ತೆಲುಗು ಬೇಕಿರ್ಲಿಲ್ಲ. ಮೂರು ತಿಂಗಳು ಬಾಯೇ ಬಿಟ್ಟಿರ್ಲಿಲ್ಲ ನಾನು. ಮೂಗಿ ಸೊಸೆ ತಂದ್ರು ಅಂತಿದ್ರಂತೆ."

ಈ ಮನೆಗೆ ಬಂದು ಇಷ್ಟು ವರ್ಷವಾದರೂ ನಾನು ಆ ಮಾತನ್ನು ಕೇಳಿರಲಿಲ್ಲ. ಅವರೂ ಹೇಳಿರಲಿಲ್ಲ.

"ಆಮೇಲೆ ಹೆಂಗ್ ಕಲಿತ್ರಿ?" ಎಂದೆ.

"ಎದುರುಮನೇಲಿ ನೂಲು ತೆಗೆಯೋ ಒಬ್ಬಳಿದ್ಳು. ನೀರಿಗೆ ಹೋಗ್ವಾಗ ದಿನಕ್ಕೊಂದು ಮಾತು ಹೇಳ್ಕೊಡ್ತಿದ್ಳು. ಮೊದಲ್ನೇ ದಿನ ಹೇಳ್ಕೊಟ್ಟಿದ್ದು ಬಿಂದಿಗೆ."

ಓಣಿ ಹಿಂದೆ ಸರಿಯಿತು. ಅತ್ತೆ ಕಿವಿಯ ಯಂತ್ರವನ್ನು ಬೆರಳಿನಿಂದ ಸರಿಮಾಡಿಕೊಂಡು, ಎರಡನೆಯ ದಿನದ ಮಾತು ಯಾವುದೆಂದು ನೆನಪು ಮಾಡಿಕೊಳ್ಳತೊಡಗಿದರು.